ಗಂಧವಿಲ್ಲದ ಹೂವು

ವಸಂತ ಬಂದಿತೆಂಬುದನ್ನು ಬೆಂಗಳೂರಿನಲ್ಲಿ ನಮಗೆ ಮೊದಲು ತಿಳಿಸುವುದು ಕೋಗಿಲೆಯಲ್ಲ, ನಲ್ಲಿ. ದಿನ ಬಿಟ್ಟು ದಿನ ಬರುತ್ತಿದ್ದ ನೀರು ಎರಡು ದಿನ ಬಿಟ್ಟು, ಮೂರು ದಿನ ಬಿಟ್ಟು ಎಂದು ಹಿಂದೆ ಸರಿಯತೊಡಗಿದರೆ ಋತು ಬದಲಾಯಿತೆಂದು ಲೆಕ್ಕ. ಹೀಗೆಂದರೆ ರಸ್ತೆಯ ಮರಗಳು ಮುನಿಸಿಕೊಂಡಾವು. ಅವೂ ಪಾಪ, ತಮ್ಮ ಕರ್ತವ್ಯವನ್ನು ಮರೆತಿರುವುದಿಲ್ಲ. ಗುಲಾಬಿ ಬಣ್ಣದ ಟಬೂಬಿಯಾ ಮುಗಿಯುವಷ್ಟರಲ್ಲಿ ನೀಲಿಯ ಜಕರಾಂಡ, ಅದು ಉದುರುವಷ್ಟರಲ್ಲಿ ಕೆಂಪಿನ ಗುಲ್‌ಮೊಹರ್ ಎಂದು ಸರದಿ ಹಿಡಿದು ಹೂಬಿಡುತ್ತವೆ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರ ಕ್ರುಂಬಿಗಲ್ ಅವರು, ವರ್ಷದಲ್ಲಿ ಯಾವ ಕಾಲಕ್ಕೂ ಊರು ಹೂವಿಲ್ಲದೆ ಇರಬಾರದೆಂಬ ಲೆಕ್ಕಾಚಾರದಿಂದ ಬೀದಿಗಳಿಗೆ ಮರಗಳನ್ನು ಆರಿಸಿದರು. ಆ ಮರಗಳಲ್ಲಿ ಮೊದಲೆರಡು ದಕ್ಷಿಣ ಅಮೆರಿಕ ಕಡೆಯವು, ಮೂರನೆಯದು ಮಡಗಾಸ್ಕರ್ ದ್ವೀಪದ್ದು. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ನಮ್ಮ ಹುಳಿಗೆ ಹಾಕುವ ಮೆಣಸಿನಕಾಯಿಯೂ ಆ ಕಡೆಯಿಂದಲೇ ಬಂದುದಲ್ಲವೆ?

ನಾನು ಹೇಳಹೊರಟಿರುವುದು ಬೇರೊಂದು ಹೂವಿನ ಮಾತು. ಅದನ್ನು ಹೇಳಬೇಕಾದರೆ ಮೊದಲು ನನ್ನ ಅಕ್ಕನ ವಿಚಾರವನ್ನು ಹೇಳಬೇಕು.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ತುಮಕೂರಿನಲ್ಲಿ ಮಗನ ಮನೆಯಲ್ಲಿರುತ್ತಾಳೆ. ಎರಡು ವರ್ಷದ ಹಿಂದೆ ಅವಳು ನಮ್ಮ ಮನೆಗೆ ಬಂದಿದ್ದಾಗ ಒಂದು ದಿನ ಬೆಳಗ್ಗೆ, ಮೇಜಿನ ಅಂಚಿನಲ್ಲಿಟ್ಟಿದ್ದ ಕಾಫಿಯ ಲೋಟವನ್ನು ಕೈತಗುಲಿಸಿ ಉರುಳಿಸಿದಳು. ನನ್ನ ಹೆಂಡತಿ ಏನೂ ಅನ್ನದೆ ಒರೆಸಿದಳು. ಮರುದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಮತ್ತೊಮ್ಮೆ ಅದೇ ಆಯಿತು. ನಾನು ಪತ್ರಿಕೆಯಿಂದ ತಲೆಯೆತ್ತಿ, "ಸ್ವಲ್ಪ ನೋಡಿಕೊಂಡು ಕೈ ಆಡಿಸಬಾರದೆ ಅಕ್ಕ? ಮಗುವಿಗಿಂತ ಕಡೆಯಾದೆಯಲ್ಲ!" ಎಂದೆ. ಅವಳು ನಕ್ಕು, "ವಯಸ್ಸಾಯಿತಲ್ಲಪ್ಪ" ಎಂದಳು. ಆ ನಗು ನನಗೆ ಈಗಲೂ ಆಗಾಗ ನೆನಪಾಗಿ ಕಾಫಿಯನ್ನು ಕಹಿಮಾಡುತ್ತದೆ. ಏಕೆಂದರೆ ಅವಳು ಲೋಟವನ್ನು ನೋಡದೆ ಉರುಳಿಸಿದ್ದಲ್ಲ. ಲೋಟ ಅವಳಿಗೆ ಕಂಡೇ ಇರಲಿಲ್ಲ.

ವೈದ್ಯರು ಅದಕ್ಕೆ ಗ್ಲಾಕೋಮಾ ಎಂದು ಹೆಸರು ಹೇಳಿದರು. ಕಣ್ಣಿನೊಳಗಣ ಒತ್ತಡ ಹೆಚ್ಚಿ, ಕಣ್ಣಿನಿಂದ ಮೆದುಳಿಗೆ ಹೋಗುವ ನರ ಸ್ವಲ್ಪಸ್ವಲ್ಪವಾಗಿ ನಶಿಸುತ್ತದೆಯಂತೆ. ನೋವಿಲ್ಲ, ಉರಿಯಿಲ್ಲ, ಕೆಂಪಾಗುವುದಿಲ್ಲ. ಮೊದಲು ಹೋಗುವುದು ಅಕ್ಕಪಕ್ಕದ ನೋಟ. ನಡುವಿನ ನೋಟ ನೆಟ್ಟಗೇ ಇರುವುದರಿಂದ ಸೂಜಿಗೆ ದಾರ ಪೋಣಿಸಬಹುದು, ಪಂಚಾಂಗದ ಸಣ್ಣ ಅಕ್ಷರವನ್ನೂ ಓದಬಹುದು. ಆದರೆ ಪಕ್ಕದಲ್ಲಿರುವ ಬಾಗಿಲು, ಮೆಟ್ಟಿಲು, ಕಾಫಿಯ ಲೋಟ ಇವು ಒಂದೊಂದಾಗಿ ಲೋಕದಿಂದ ಮರೆಯಾಗುತ್ತ ಹೋಗುತ್ತವೆ. ಅಕ್ಕನಿಗೆ ಈಗ ಕಾಣುವುದೆಲ್ಲ ಒಂದು ಬಿದಿರಿನ ಕೊಳವೆಯ ಮೂಲಕ ಕಂಡಂತೆ. ಹೋದ ನೋಟ ತಿರುಗಿ ಬರುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳಲು ದಿನಕ್ಕೆ ಇಂತಿಷ್ಟು ಹೊತ್ತಿಗೆ ಇಂತಿಷ್ಟು ತೊಟ್ಟು ಔಷಧವೆಂದು ಗೊತ್ತುಮಾಡಿಕೊಟ್ಟರು. "ಮೂರು ನಾಲ್ಕು ವರ್ಷ ಮೊದಲೇ ಬಂದಿದ್ದರೆ..." ಎಂದು ವೈದ್ಯರು ಮಾತನ್ನು ಅರ್ಧಕ್ಕೆ ನಿಲ್ಲಿಸಿದರು. ಅಕ್ಕನ ಮಗ ತಲೆತಗ್ಗಿಸಿದ; ನಾನೂ ತಗ್ಗಿಸಿದೆ.

ಅವಳು ಮಾತ್ರ ಅದನ್ನೊಂದು ದೊಡ್ಡ ಸಂಗತಿಯೆಂದು ತೋರಿಸಿಕೊಳ್ಳಲಿಲ್ಲ. ಈ ಸಲ ಸಂಕ್ರಾಂತಿ ಕಳೆದ ಮೇಲೆ ತಪಾಸಣೆಗೆಂದು ನಮ್ಮಲ್ಲಿಗೆ ಬಂದವಳು, ಒಂದು ಸಂಜೆ ಮಲ್ಲಿಗೆ ಕಟ್ಟುತ್ತ ಕುಳಿತಿದ್ದಾಗ ಇದ್ದಕ್ಕಿದ್ದಂತೆ, "ನನಗೆ ಒಂದು ಸಲ ಮುತ್ತುಗ ಹೂಬಿಟ್ಟಿರುವುದನ್ನು ತೋರಿಸುತ್ತೀಯಾ?" ಎಂದು ಕೇಳಿದಳು.

"ಮುತ್ತುಗವೇ ಏಕೆ?" ಎಂದೆ.

"ಮಲ್ಲಿಗೆ, ಸಂಪಿಗೆ, ಸುರಗಿ ಇವೆಲ್ಲ ಹೇಗೂ ನನ್ನನ್ನು ಬಿಟ್ಟು ಹೋಗುವುದಿಲ್ಲ. ಮುತ್ತುಗಕ್ಕೆ ವಾಸನೆಯಿಲ್ಲವಲ್ಲ."

ಇಷ್ಟನ್ನು ಹೇಳಿ ಅವಳು ಮಲ್ಲಿಗೆ ಕಟ್ಟುವುದನ್ನು ಮುಂದುವರಿಸಿದಳು. ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡವಾಗಿ ಹಿಡಿದುಕೊಂಡು ಬಹಳ ಹೊತ್ತು ಓದುತ್ತಿರುವಂತೆ ನಟಿಸಿದೆ.

ಮುತ್ತುಗದ ಹೂವಿಗೆ ಗಂಧವಿಲ್ಲವೆಂಬುದು ನಮ್ಮ ದೇಶದಲ್ಲಿ ಹಳೆಯ ದೂರು. ಸಂಸ್ಕೃತದವರು ಅದನ್ನು ಕಿಂಶುಕವೆಂದರು. 'ಇದೇನು, ಗಿಣಿಯೆ?' ಎಂದು ಹೂವನ್ನು ಕಂಡು ಬೆರಗಾಗಿ ಇಟ್ಟ ಹೆಸರು. ಆ ಹೂವಿನ ಕೊಕ್ಕಿನಂಥ ಬಾಗನ್ನು ಕಂಡವರಾರೂ ಆ ಪ್ರಶ್ನೆಯನ್ನು ತಪ್ಪೆನ್ನಲಾರರು. ಆದರೆ ಅದೇ ಸಂಸ್ಕೃತದವರು, ರೂಪವಿದ್ದು ಕುಲವಿದ್ದು ವಿದ್ಯೆಯಿಲ್ಲದವರನ್ನು ಅದೇ ಕಿಂಶುಕಕ್ಕೆ ಹೋಲಿಸಿ, ಶಾಲೆಯ ಮಕ್ಕಳೆಲ್ಲ ಬಾಯಿಪಾಠ ಮಾಡುವಂತೆಯೂ ಮಾಡಿಟ್ಟರು. ಮರಕ್ಕೆ ಅದರಿಂದ ಏನೂ ನಷ್ಟವಾದಂತಿಲ್ಲ. ಅದಕ್ಕೆ ಬೇಕಾದವರು ಮೂಗಿನಿಂದ ದಾರಿ ಹುಡುಕುವವರಲ್ಲ, ಕಣ್ಣಿನಿಂದ ಹುಡುಕುವ ಹಕ್ಕಿಗಳು. ಗೊರವಂಕ, ಸೂರಕ್ಕಿ, ಕಾಜಾಣಗಳು ಕೆಂಪನ್ನು ದೂರದಿಂದಲೇ ಕಂಡು ಬಂದು ಮಕರಂದವನ್ನು ಕುಡಿದು, ಪರಾಗವನ್ನು ಹಣೆಗೆ ಹಚ್ಚಿಕೊಂಡು ಹೋಗುತ್ತವೆ. ಹಕ್ಕಿಗಳನ್ನು ಕರೆಯುವ ಹೂವಿಗೆ ಸುಗಂಧದ ಖರ್ಚು ಏಕೆ?

ಎಲ್ಲಿಗೆ ಹೋಗುವುದೆಂಬುದನ್ನು ಯೋಚಿಸಬೇಕಾಗಿಯೇ ಇರಲಿಲ್ಲ. ನಮ್ಮ ತಂದೆ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿ ಕುಣಿಗಲ್ ತಾಲ್ಲೂಕಿನಲ್ಲಿ, ಮಾರ್ಕೋನಹಳ್ಳಿಯ ಜಲಾಶಯಕ್ಕೆ ಎರಡು ಮೈಲಿ ದೂರದ ಒಂದು ಸಣ್ಣ ಊರಿನಲ್ಲಿ ಏಳೆಂಟು ವರ್ಷ ಇದ್ದರು. ಊರ ಹಿಂದಣ ಗೋಮಾಳದಲ್ಲಿ ಮುತ್ತುಗದ ಒಂದು ಸಾಲೇ ಇತ್ತು. ನಾನಾಗ ಐದಾರು ವರ್ಷದವನು. ಅಕ್ಕ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ದೋಟಿ ಹಿಡಿದು ಎಲೆ ಕೊಯ್ಯಲು ಹೋಗುತ್ತಿದ್ದಳು. ಮುತ್ತುಗದ ಒಂದು ತೊಟ್ಟಿಗೆ ಮೂರೇ ಎಲೆ. ಅವನ್ನು ಬಿದಿರಿನ ಕಡ್ಡಿಯಿಂದ ಹಚ್ಚಿ ಊಟದೆಲೆ ಮಾಡುವುದು ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಬೇಸಗೆಯ ರಜದ ಕೆಲಸ. ನೂರು ಎಲೆ ಹಚ್ಚಿ ಒತ್ತಾಗಿ ಕಟ್ಟಿ, ಮೇಲೊಂದು ಒರಳುಗುಂಡು ಹೇರಿಟ್ಟರೆ ಶ್ರಾವಣದ ಹಬ್ಬಗಳಿಗೆಲ್ಲ ಸಾಕಾಗುತ್ತಿತ್ತು. ನನ್ನ ಉಪನಯನಕ್ಕೆ ಮುತ್ತುಗದ ದಂಡವನ್ನು ಕಡಿದುತಂದದ್ದೂ ಅದೇ ಸಾಲಿನಿಂದ. ಅದರ ಡೊಂಕನ್ನು ಕಂಡು ಪುರೋಹಿತರು, "ಮುತ್ತುಗದಲ್ಲಿ ನೆಟ್ಟಗಿರುವುದನ್ನು ಹುಡುಕಿದರೆ ಈ ವರ್ಷ ಮುಂಜಿಯಾಗುವುದಿಲ್ಲ" ಎಂದು ಸಮಾಧಾನ ಹೇಳಿದ್ದರು.

ಶಿವರಾತ್ರಿಯ ಮರುದಿನ ಹೊರಡುವುದೆಂದು ನಿಶ್ಚಯವಾಯಿತು. ಆದರೆ ಗೃಹಸ್ಥರ ಮನೆಯ ನಿಶ್ಚಯಗಳ ಬೆಲೆ ಓದುಗರಿಗೆ ತಿಳಿಯದುದಲ್ಲ. ಆ ವಾರ ಅಳಿಯನಿಗೆ ಕಚೇರಿಯ ಕೆಲಸ ಬಂತು. ಮುಂದಿನ ವಾರ ಒಂದು ಗೃಹಪ್ರವೇಶ. ಅದರ ಮುಂದೆ ಮೊಮ್ಮಗಳ ಪರೀಕ್ಷೆ. ಹೀಗೆ ಹೋಳಿಹುಣ್ಣಿಮೆಯೂ ಕಳೆಯಿತು. ಅಕ್ಕ ಒಂದು ದಿನವೂ ನೆನಪುಮಾಡಲಿಲ್ಲ. ಅವಳು ಕೇಳದೆ ಇದ್ದುದೇ ನನ್ನನ್ನು ಹೆಚ್ಚು ಚುಚ್ಚುತ್ತಿತ್ತು. ಪಂಚಾಂಗದ ಪ್ರಕಾರ ವಸಂತ ಕಾಲಿಡುವುದು ಚೈತ್ರದಲ್ಲಿ. ನಾವಿನ್ನೂ ಫಾಲ್ಗುಣದಲ್ಲಿದ್ದೇವೆ, ತಡವೇನೂ ಆಗಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ಮುತ್ತುಗ ಪಂಚಾಂಗ ನೋಡಿ ಹೂಬಿಡುವುದಿಲ್ಲವೆಂಬುದು ಆಮೇಲೆ ತಿಳಿಯಿತು.

ಅಂತೂ ಒಂದು ಭಾನುವಾರ ಬೆಳಗಿನ ಆರು ಗಂಟೆಗೆ, ಅಳಿಯನ ಕಾರಿನಲ್ಲಿ ನಾವು ಐವರು ಹೊರಟೆವು. ಪುಳಿಯೋಗರೆ, ಮೊಸರನ್ನ, ಮಜ್ಜಿಗೆ, ಎರಡು ಬಾಟಲಿ ನೀರು, ಇವುಗಳ ನಡುವೆ ಒಂದು ಸಣ್ಣ ತಣ್ಣನೆಯ ಪೆಟ್ಟಿಗೆಯಲ್ಲಿ ಅಕ್ಕನ ಕಣ್ಣಿನ ಔಷಧ. ಅದನ್ನು ಹಾಕುವ ಹೊತ್ತು ತಪ್ಪದಂತೆ ನೋಡಿಕೊಳ್ಳುವ ಅಧಿಕಾರ ಹನ್ನೊಂದು ವರ್ಷದ ಮೊಮ್ಮಗಳದು. ಅವಳ ಫೋನು ಗೊತ್ತಾದ ಗಳಿಗೆಗೆ ಗಂಟೆ ಬಾರಿಸುತ್ತದೆ. ಬಾರಿಸಿದರೆ ದೇವರ ಪೂಜೆಯಾದರೂ ನಿಲ್ಲಬೇಕು.

ನೆಲಮಂಗಲ ದಾಟಿ ಹಾಸನದ ಹೆದ್ದಾರಿಗೆ ತಿರುಗಿದೆವು. ರಸ್ತೆ ಈಗ ಬಹಳ ಅಗಲ, ಬಹಳ ನುಣುಪು. ಹಿಂದೆ ಬಸ್ಸಿನಲ್ಲಿ ಅರ್ಧ ದಿನ ಹಿಡಿಯುತ್ತಿದ್ದ ದಾರಿ ಎರಡು ಗಂಟೆಯೊಳಗೆ ಸಾಗುತ್ತದೆ. ಇಕ್ಕೆಲದಿಂದ ಬಾಗಿ ಕೈ ಹಿಡಿದುಕೊಂಡಿದ್ದ ಹಳೆಯ ಮರಗಳ ಸಾಲು ಮಾತ್ರ ಎಷ್ಟೋ ಕಡೆ ಇಲ್ಲ. ನಡುವಣ ವಿಭಜಕದಲ್ಲಿ ಕಣಗಿಲೆಯ ಗಿಡಗಳಿವೆ. ಅವು ಹೂಬಿಡುತ್ತವೆ, ನಿಜ. ಆದರೆ ಯಾರೂ ಅವುಗಳ ಕೆಳಗೆ ಬುತ್ತಿ ಬಿಚ್ಚಲಾರರು. ಇದನ್ನು ನಾನು ಹೇಳಿದಾಗ ಅಳಿಯ ವಿನಯದಿಂದ, "ಆ ಮರಗಳಿದ್ದಿದ್ದರೆ ನಾವು ಇನ್ನೂ ಸೋಲೂರಿನಲ್ಲೇ ಇರುತ್ತಿದ್ದೆವು ಮಾವ" ಎಂದ. ಅದೂ ನಿಜವೆ.

ಕುಣಿಗಲ್ ಬಂದಾಗ, ಜನಪದರ ಹಾಡಿನಿಂದ ನಾಡಿಗೆಲ್ಲ ಹೆಸರಾದ ಅದರ ಕೆರೆಯನ್ನೂ ಟಿಪ್ಪುವಿನ ಕಾಲದಿಂದ ಹೆಸರುವಾಸಿಯಾದ ಅದರ ಕುದುರೆಗಳನ್ನೂ ಮೊಮ್ಮಗಳಿಗೆ ಬಣ್ಣಿಸಿದೆ. ಅವಳಿಗೆ ಕುದುರೆಗಳ ಮೇಲೆ ಇದ್ದಷ್ಟು ಆಸಕ್ತಿ ಕೆರೆಯ ಮೇಲೆ ಕಾಣಲಿಲ್ಲ. ಯಡಿಯೂರಿನಲ್ಲಿ ಇಳಿದು ಸಿದ್ಧಲಿಂಗೇಶ್ವರನ ದರ್ಶನ ಮಾಡಿಕೊಂಡೆವು. ಹೊರಗೆ ಬಂದು ಕಾರಿನ ಕಡೆಗೆ ನಡೆಯುವಾಗ ಅಕ್ಕ ತಟಕ್ಕನೆ ನಿಂತು, "ಹಿಪ್ಪೆ" ಎಂದಳು.

ನಮಗಾರಿಗೂ ಏನೂ ಕಾಣಲಿಲ್ಲ. "ಎಲ್ಲಿ?" ಎಂದೆ. ಅವಳು ಗಾಳಿ ಬರುತ್ತಿದ್ದ ದಿಕ್ಕಿಗೆ ಮುಖಮಾಡಿದಳು. ನಾಲ್ಕು ಮಾರು ಹೋದ ಮೇಲೆ ರಸ್ತೆಯ ತಿರುವಿನಲ್ಲಿ ದೊಡ್ಡದೊಂದು ಹಿಪ್ಪೆಯ ಮರವಿತ್ತು. ಬುಡದ ತುಂಬ, ರಾತ್ರಿ ಉದುರಿದ ದಪ್ಪ ಹಾಲುಬಣ್ಣದ ಹೂಗಳು, ಚೆಲ್ಲಿದ ಅವಲಕ್ಕಿಯಂತೆ. ಬೆಲ್ಲ ಹಳಸಿದಂಥ ಆ ಭಾರವಾದ ವಾಸನೆ ನನ್ನ ಹೆಂಡತಿಗೆ ಹಿಡಿಸಲಿಲ್ಲ. ಅಕ್ಕ ಒಂದನ್ನು ಆರಿಸಿ ಮೊಮ್ಮಗಳ ಬಾಯಿಗಿಟ್ಟಳು. ರಾತ್ರಿಯೆಲ್ಲ ಬಾವಲಿಗಳು ಈ ಸಿಹಿಗಾಗಿ ಮರಕ್ಕೆ ಮುತ್ತುತ್ತವೆಂದು ನಾನು ಹೇಳಿದ ಕೂಡಲೆ ಹುಡುಗಿ ಅದನ್ನು ಉಗುಳಿದಳು. ಅಕ್ಕ, "ನೀನು ಎಲ್ಲಕ್ಕೂ ಪಾಠ ಮಾಡಬೇಕೆ?" ಎಂದು ನನ್ನನ್ನು ಗದರಿದಳು.

ಮಾರ್ಕೋನಹಳ್ಳಿಗೆ ನಾವು ಮುಟ್ಟಿದಾಗ ಒಂಬತ್ತೂವರೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಮುಂದೆ ಮದ್ದೂರಿನ ಕಡೆಗೆ ಹರಿದು ಕಾವೇರಿಯನ್ನು ಸೇರುವ ಶಿಂಷಾ ನದಿಯನ್ನು ಇಲ್ಲಿ ಮೈಸೂರು ಅರಸರ ಕಾಲದಲ್ಲಿ ಕಟ್ಟೆಹಾಕಿ ನಿಲ್ಲಿಸಿದ್ದಾರೆ. ನಡುವೆ 139 ಮೀಟರುಗಳ ಕಲ್ಲಿನ ಕಟ್ಟಡ. ಅದರ ಎರಡು ಕಡೆಗೂ ಉದ್ದನೆಯ ಮಣ್ಣಿನ ಏರಿ. ಸುಮಾರು 6,000 ಹೆಕ್ಟೇರು ಭೂಮಿಗೆ ಇದರ ನೀರು. ಬೇಸಗೆಯ ಮೊದಲಾದ್ದರಿಂದ ನೀರು ಇಳಿದಿತ್ತು. ದಡದ ಕೆಸರು ಒಣಗಿ ಚಕ್ಕೆಚಕ್ಕೆಯಾಗಿ ಬಿರಿದಿತ್ತು.

ಈ ಕಟ್ಟೆಯ ವಿಶೇಷವೆಂದರೆ ಅದರ ಸೈಫನ್. ನೀರು ಒಂದು ಮಟ್ಟವನ್ನು ಮೀರಿದೊಡನೆ, ಯಾರೂ ಬಾಗಿಲೆತ್ತದೆ, ಯಾವ ಯಂತ್ರವೂ ತಿರುಗದೆ, ಹೆಚ್ಚಿನ ನೀರು ತನ್ನಷ್ಟಕ್ಕೆ ತಾನೇ ಹೊರಬೀಳುತ್ತದೆ. ನಮ್ಮ ತಂದೆ ಇದನ್ನು ತರಗತಿಯಲ್ಲಿ ವಿವರಿಸುತ್ತಿದ್ದ ರೀತಿ ನನಗೆ ಚೆನ್ನಾಗಿ ನೆನಪಿದೆ. ಒಳಗೆ ಪೊಳ್ಳಾದ ಪರಂಗಿ ಎಲೆಯ ದಂಟನ್ನು ಬಗ್ಗಿಸಿ, ಒಂದು ತುದಿಯನ್ನು ನೀರಿನ ತಪ್ಪಲೆಯಲ್ಲಿ ಮುಳುಗಿಸಿ, ಇನ್ನೊಂದು ತುದಿಯನ್ನು ಕೆಳಗೆ ಇಳಿಬಿಟ್ಟು ಒಮ್ಮೆ ಬಾಯಿಂದ ಸೆಳೆಯುತ್ತಿದ್ದರು. ಆಮೇಲೆ ನೀರು ತಪ್ಪಲೆಯ ಕಂಠವನ್ನು ತಾನೇ ಏರಿ ತಾನೇ ಇಳಿದುಬರುತ್ತಿತ್ತು. "ದಂಟಿನಲ್ಲಿದ್ದ ಗಾಳಿ ಹೋಯಿತು, ನೀರು ನೀರನ್ನೇ ಎಳೆಯಿತು, ನಡುವೆ ಗಾಳಿ ನುಗ್ಗಿದರೆ ನಿಂತಿತು" ಎನ್ನುತ್ತಿದ್ದರು. ಕಟ್ಟೆಯಲ್ಲಿ ಬಾಯಿಂದ ಸೆಳೆಯುವವರು ಬೇಕಿಲ್ಲ. ಏರುವ ನೀರೇ ಗಾಳಿಯನ್ನು ಹೊರದಬ್ಬುತ್ತದೆ. ದಬ್ಬಿದ ಗಳಿಗೆಯಲ್ಲಿಯೇ ನೀರು ತುಂಬುಗೊಳವೆಯಾಗಿ ಧುಮುಕುತ್ತದೆ. ಬರುವಾಗ ಅದು ಸೂಚನೆ ಕೊಟ್ಟು ಬರುವುದಿಲ್ಲ. 2025ರ ಅಕ್ಟೋಬರಿನಲ್ಲಿ ನಮ್ಮ ಹಾಗೆಯೇ ವಿಹಾರಕ್ಕೆಂದು ಬಂದು ಕಟ್ಟೆಯ ಕೆಳಗಿನ ನೀರಿಗಿಳಿದಿದ್ದ ಒಂದು ಕುಟುಂಬದ ಹಲವರು ಹೀಗೆ ಇದ್ದಕ್ಕಿದ್ದಂತೆ ಬಂದ ಪ್ರವಾಹದಲ್ಲಿ ಕೊಚ್ಚಿಹೋದರು. ಅದನ್ನು ನೆನೆದು ನಾವು ಸ್ವಲ್ಪ ಹೊತ್ತು ಮಾತಿಲ್ಲದೆ ನಿಂತೆವು. ಮಾರ್ಚಿ ತಿಂಗಳ ಒಣ ಕಲ್ಲುಗಳಾದರೂ ನನ್ನ ಹೆಂಡತಿ ಮೊಮ್ಮಗಳ ಕೈಯನ್ನು ಆ ಕಡೆಗೆ ಬಿಡಲಿಲ್ಲ.

ಮಾರ್ಕೋನಹಳ್ಳಿಯ ಸುತ್ತ ದೊಡ್ಡ ಅಡವಿಯೇನೂ ಇಲ್ಲ. ಮಲೆನಾಡನ್ನು ಕಂಡವರು ಇದನ್ನು ಕಾಡೆಂದರೆ ನಕ್ಕಾರು. ಕಲ್ಲುಬಾರೆ, ಕುರುಚಲು ಗಿಡ, ನಡುನಡುವೆ ಜಾಲಿ, ಬೇವು, ತಪಸಿ, ಹೊಂಗೆ. ತೆಂಗಿನ ತೋಟಗಳ ಬೇಲಿಗಳಲ್ಲಿ ಕತ್ತಾಳೆ, ಲಂಟಾನ. ಆದರೆ ಬಯಲುಸೀಮೆಯ ಕುರುಚಲಿಗೆ ಫಾಲ್ಗುಣದಲ್ಲಿ ಒಂದು ಗುಟ್ಟಿನ ಶ್ರೀಮಂತಿಕೆ ಬರುತ್ತದೆ. ಮಳೆಯಿಲ್ಲ, ನೆಲ ಕಾದ ಹೆಂಚು. ಎಲ್ಲಿಂದ ಬರುತ್ತದೋ, ಎಲೆಯಿಲ್ಲದ ಕೊಂಬೆಯಲ್ಲಿ ಹೂ ಬಂದುಬಿಡುತ್ತದೆ. ಎಲೆಯ ಮರೆಯಿಲ್ಲದಿದ್ದರೆ ಹೂವು ಹಕ್ಕಿಗೂ ದುಂಬಿಗೂ ಬೇಗ ಕಾಣುತ್ತದೆ. ಒಣಗಾಲದಲ್ಲಿ ಎಲೆಯ ಮೂಲಕ ಹೋಗುವ ನೀರೂ ಉಳಿಯುತ್ತದೆ. ಬಡವರ ಮನೆಯ ಮದುವೆಯಂತೆ, ಇದ್ದದ್ದನ್ನೆಲ್ಲ ಒಂದೇ ದಿನಕ್ಕೆ ಎತ್ತಿಟ್ಟ ವೈಭವ.

ಕಾಲುವೆಯ ಪಕ್ಕದ ದಾರಿ ಹಿಡಿದು ನಡೆದೆವು. ಅಕ್ಕನ ಕೈ ಮೊಮ್ಮಗಳ ಹೆಗಲ ಮೇಲೆ. ಮೊಮ್ಮಗಳ ಕೈಯಲ್ಲಿ ಫೋನು. ಗಿಡದ ಚಿತ್ರ ಹಿಡಿದರೆ ಹೆಸರು ಹೇಳುವ ಒಂದು ಉಪಾಯ ಅದರಲ್ಲಿದೆ. ಅವರಿಬ್ಬರಿಗೂ ಅಲ್ಲಿಂದ ಒಂದು ಪಂದ್ಯವೇ ನಡೆಯಿತು. ಮುಳ್ಳುಕೊಂಬೆಯ ತುಂಬ ನಕ್ಷತ್ರದಂಥ ಬಿಳಿಯ ಹೂ ಮುಡಿದಿದ್ದ ಪೊದೆಯನ್ನು ಫೋನು ಯೋಚಿಸುತ್ತಿರುವಷ್ಟರಲ್ಲಿ ಅಕ್ಕ, "ಕವಳಿ. ಹಣ್ಣು ಕಪ್ಪಾಗುವುದಕ್ಕೆ ಇನ್ನೂ ಎರಡು ತಿಂಗಳು ಬೇಕು" ಎಂದಳು. ಬರಿಯ ಕೊಂಬೆಗಳಲ್ಲಿ ಬೆಳ್ಳನೆಯ ಕುಚ್ಚುಗಳನ್ನು ಹೊತ್ತು ನಿಂತಿದ್ದ ಮರ ಅಂಕೋಲೆ. ಅದನ್ನು ಅವಳು ಹತ್ತು ಹೆಜ್ಜೆ ದೂರದಿಂದಲೇ ಗಾಳಿಯಲ್ಲಿ ಹಿಡಿದಳು. ಹೊಂಗೆ ಆಗತಾನೆ ಹೊಸ ಎಲೆಯಿಂದ ತುಂಬಿ, ನೆರಳಿಗೇ ಹಸಿರು ಬಣ್ಣ ಕೊಟ್ಟಿತ್ತು. ಅದರ ಕೆಳಗೆ ದುಂಬಿಗಳ ಝೇಂಕಾರವನ್ನು ಕೇಳಿ, "ಮೊಗ್ಗು ಒಡೆಯುತ್ತಿದೆ" ಎಂದಳು.

ಬಿಕ್ಕೆಯ ಗಿಡದ ಬಳಿ ಫೋನು ಗೆದ್ದಿತು. ಅದರ ಶಾಸ್ತ್ರೀಯ ನಾಮ ಗಾರ್ಡೇನಿಯಾ ಎಂದು ಮೊಮ್ಮಗಳು ಓದಿದಳು. ಗಾರ್ಡನ್ ಎಂದರೆ ತೋಟವಲ್ಲ, ಅಮೆರಿಕದಲ್ಲಿ ನೆಲಸಿದ್ದ ಅಲೆಗ್ಸಾಂಡರ್ ಗಾರ್ಡನ್ ಎಂಬ ಸ್ಕಾಟ್ಲೆಂಡಿನ ವೈದ್ಯರ ಹೆಸರನ್ನು ಲಿನೇಯಸ್ ಈ ಕುಲಕ್ಕೆ ಇಟ್ಟರೆಂದು ನಾನು ಸೇರಿಸಿದೆ. ಅಕ್ಕ ಹೂವನ್ನು ಮೂಗಿಗೆ ಹಿಡಿದುಕೊಂಡೇ, "ನೋಡೇ, ಇದು ಬೆಳ್ಳಗಿದ್ದರೆ ಇವತ್ತು ಅರಳಿದ್ದು. ಹಳದಿಗೆ ತಿರುಗಿದ್ದು ನಿನ್ನೆಯದು. ನಿಮ್ಮ ಡಾಕ್ಟರು ಇದನ್ನು ಬರೆದಿದ್ದಾರೆಯೆ?" ಎಂದು ಕೇಳಿದಳು. ಹುಡುಗಿ ಹುಡುಕಿದಳು, ಬರೆದಿರಲಿಲ್ಲ. ಅಲ್ಲಿಂದ ಮುಂದೆ ಅವಳು ಫೋನನ್ನು ಕಿಸೆಗೆ ಹಾಕಿ ಅತ್ತೆಯಜ್ಜಿಯನ್ನೇ ಕೇಳತೊಡಗಿದಳು.

ಮುತ್ತುಗ ಮಾತ್ರ ಎಲ್ಲಿಯೂ ಇರಲಿಲ್ಲ. ನಮ್ಮ ಹಳೆಯ ಊರಿನ ಹಿಂದಣ ಗೋಮಾಳಕ್ಕೆ ಹೋಗಿ ನೋಡಿದರೆ ಅಲ್ಲಿ ತಂತಿಬೇಲಿ, ಒಳಗೆ ಅಡಕೆಯ ಸಸಿಗಳು. ಶಾಲೆಯ ಹತ್ತಿರ ಎರಡು ಮುತ್ತುಗದ ಮರಗಳೇನೋ ಇದ್ದುವು. ಆದರೆ ಅವು ಹೂವನ್ನೆಲ್ಲ ಉದುರಿಸಿ, ಚಪ್ಪಟೆಯ ಎಳೆಗಾಯಿಗಳನ್ನು ತೂಗಿಬಿಟ್ಟು ಮುಂದಿನ ಸಂಸಾರದಲ್ಲಿ ತೊಡಗಿದ್ದುವು. ನೆಲದಲ್ಲಿ ಕಂದಿದ ಹೂಗಳು ಬಿದ್ದಿದ್ದುವು. ಅಕ್ಕ ಬಗ್ಗಿ ಒಂದನ್ನು ಎತ್ತಿಕೊಂಡು, ಹಿಂದುಮುಂದು ತಿರುಗಿಸಿ ನೋಡಿದಳು. "ಗಿಣಿಮೂತಿ ಹಾಗೆಯೇ ಇದೆ" ಎಂದಳು, ನನಗೆ ಬೇಸರವಾಗಬಾರದೆಂದು. ಆ ಗಳಿಗೆಯಲ್ಲಿ ನನಗೆ ಆ ಗೃಹಪ್ರವೇಶದವರ ಮೇಲೆ, ಅವರ ಹೋಳಿಗೆಯ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ.

ಕುರಿ ಕಾಯುತ್ತಿದ್ದ ಒಬ್ಬ ವೃದ್ಧರನ್ನು ಕೇಳಿದೆವು. "ಈಗೆಲ್ಲಿ ಸ್ವಾಮಿ! ಹದಿನೈದು ದಿನ ಹಿಂದೆ ಬಂದಿದ್ದರೆ ಬೆಂಕಿ ಬಿದ್ದಂಗಿತ್ತು" ಎಂದರು. ನಮ್ಮ ಮುಖಗಳನ್ನು ನೋಡಿ ಅವರಿಗೆ ಏನನ್ನಿಸಿತೋ, ಸ್ವಲ್ಪ ತಡೆದು, "ಕಾಲುವೆ ಏರಿಯ ಕೊನೇಲಿ ಒಂದೈತೆ. ಅದಕ್ಕೆ ಬುಡದಾಗೆ ನೀರು. ಎಲ್ಲ ಮರ ಬಿಟ್ಟಮೇಲೆ ಅದು ಬಿಡೋದು. ಸೋಮಾರಿ ಮರ" ಎಂದರು.

ಆ ಸೋಮಾರಿ ಮರಕ್ಕೆ ನಾನು ಇಂದಿಗೂ ಕೃತಜ್ಞನಾಗಿದ್ದೇನೆ. ಅರ್ಧ ಮೈಲಿ ನಡೆದು, ಏರಿಯ ತಿರುವನ್ನು ದಾಟಿದ ಕೂಡಲೆ ಮೊಮ್ಮಗಳು ಕೂಗಿಕೊಂಡಳು. ಎಲೆಯೊಂದೂ ಇಲ್ಲ. ಡೊಂಕು ಕಾಂಡ, ಕಪ್ಪು ಕೊಂಬೆ, ಕಪ್ಪು ಮಖಮಲ್ಲಿನಂಥ ತೊಟ್ಟುಗಳು. ಅವುಗಳಿಂದ ಚಿಮ್ಮಿದ ಕೇಸರಿಗೆಂಪು, ತಲೆಯಿಂದ ಕಟಿಯವರೆಗೆ. ಗೊರವಂಕಗಳು ಜಗಳವಾಡುತ್ತಿದ್ದುವು. ಸೂರಕ್ಕಿಯೊಂದು ತಲೆಕೆಳಗಾಗಿ ತೂಗಾಡುತ್ತಿತ್ತು. ನನಗೆ ತಿಳಿದದ್ದನ್ನು ಹೇಳದೆ ಇರಲಾಗದ ರೋಗ ಮತ್ತೆ ತಲೆಯೆತ್ತಿತು. ಈ ಮರಕ್ಕೆ ಶಾಸ್ತ್ರಜ್ಞರು ಬ್ಯೂಟಿಯಾ ಎಂಬ ಹೆಸರನ್ನು ಇಟ್ಟದ್ದು ಬ್ಯೂಟ್ ಎಂಬ ಪ್ರಾಂತದ ಪ್ರಭುವಿನ ನೆನಪಿಗೆ, ಆತ 1762ರಲ್ಲಿ ಇಂಗ್ಲೆಂಡಿನ ಪ್ರಧಾನಿಯಾದವನು, ಅದಕ್ಕೆ ಐದು ವರ್ಷ ಮೊದಲು 1757ರಲ್ಲಿ ಇಂಗ್ಲಿಷರು ಬಂಗಾಳವನ್ನು ಗೆದ್ದ ಪ್ಲಾಸಿ ಎಂಬ ಊರಿಗೆ ಹೆಸರು ಬಂದದ್ದೂ ಇದೇ ಪಲಾಶದಿಂದ ಎಂದು ಸಾಂಗವಾಗಿ ವಿವರಿಸಿದೆ. ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ.

ಅಕ್ಕ ಮರದ ಬುಡಕ್ಕೆ ಹೋಗಿ ಕಾಂಡವನ್ನು ಮುಟ್ಟಿದಳು. ತಲೆಯೆತ್ತಿ ನೋಡಿದಳು. ಕತ್ತನ್ನು ಅತ್ತಿತ್ತ ಆಡಿಸಿದಳು. ಮುಖದಲ್ಲಿ ಸಂತೋಷವಿರಲಿಲ್ಲ.

"ಕಾಣುತ್ತದೆಯೆ?" ಎಂದೆ.

"ಒಂದು ಗೊಂಚಲು ಕಾಣುತ್ತದೆ. ಆ ಮೇಲೆ ಇನ್ನೊಂದು ಗೊಂಚಲು. ಮರ ಎಲ್ಲಿ?"

ಇದಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ. ಅವಳು ಮೊಮ್ಮಗಳ ಹೆಗಲನ್ನು ಹಿಡಿದುಕೊಂಡು ಮರಕ್ಕೆ ಬೆನ್ನು ತಿರುಗಿಸಿ, ನಾವು ಬಂದ ದಾರಿಯಲ್ಲಿಯೇ ಹಿಂದಕ್ಕೆ ನಡೆಯತೊಡಗಿದಳು. ಇಪ್ಪತ್ತು ಹೆಜ್ಜೆ ಹೋಗಿ ತಿರುಗಿ ನೋಡಿದಳು. ತಲೆಯಲ್ಲಾಡಿಸಿ ಮತ್ತೆ ನಡೆದಳು. "ಅವಳಿಗೆ ಮನಸ್ಸು ನೊಂದಿತು, ಹಿಂದಕ್ಕೆ ಕರೆಯಿರಿ" ಎಂದು ನನ್ನ ಹೆಂಡತಿ ಪಿಸುಗುಟ್ಟಿದಳು. ನಾನು ಕರೆದೆ. ಅವಳು ಕೈಯಾಡಿಸಿ, "ತಡಿ" ಎಂದು ಇನ್ನಷ್ಟು ದೂರ ಹೋದಳು. ಮತ್ತೆ ತಿರುಗಿ ನೋಡುವುದು, ಮತ್ತೆ ನಡೆಯುವುದು. ಇಷ್ಟು ದೂರ ಯಾವ ಮರವನ್ನು ನೋಡಲು ಬಂದಳೋ, ಅದೇ ಮರದಿಂದ ಹೀಗೆ ದೂರದೂರ ಹೋಗುತ್ತಿರುವವಳನ್ನು ಕಂಡು ನನಗೆ ದಿಗಿಲಾಯಿತು. ಏರಿಯ ಎರಡು ಕಡೆಯೂ ಇಳಿಜಾರು. ಅವಳಿಗೆ ಪಕ್ಕ ಕಾಣುವುದಿಲ್ಲ. ನಾನು ಏದುಸಿರು ಬಿಡುತ್ತ ಓಡಿದೆ.

ನಾನು ತಲುಪುವಷ್ಟರಲ್ಲಿ ಅವಳು ನಿಂತಿದ್ದಳು. ಮರ ಅಲ್ಲಿಂದ ನೂರು ಗಜವಾದರೂ ಇದ್ದೀತು. "ಈಗ ಪೂರ್ತಿ ಬಂತು" ಎಂದಳು.

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಕೊಳವೆಯಲ್ಲಿ ನೋಡುವವರಿಗೆ ಹತ್ತಿರದಲ್ಲಿ ಒಂದು ಹೂ ಹಿಡಿಸೀತು, ಮರ ಹಿಡಿಸದು. ದೂರ ಸರಿದಷ್ಟೂ ಆ ಕೊಳವೆಯ ಬಾಯಿಯೊಳಕ್ಕೆ ಹೆಚ್ಚು ಹೆಚ್ಚು ಬರುತ್ತದೆ. ಕೊನೆಗೆ ಬುಡ, ಕಾಂಡ, ಕೊಂಬೆ, ಹಕ್ಕಿ, ಹಿಂದಣ ಆಕಾಶ ಎಲ್ಲವೂ ಅದರೊಳಗೆ ಕೂತುಬಿಡುತ್ತವೆ. ಎರಡು ವರ್ಷದಿಂದ ಅವಳು ಈ ಲೆಕ್ಕವನ್ನು ತನ್ನಷ್ಟಕ್ಕೆ ಕಲಿತಿದ್ದಳು. ನಮಗೆ ಹೇಳಿರಲಿಲ್ಲ. ಮನೆಯಲ್ಲಿ ನಾವು ಮಾತಾಡುವಾಗ ಅವಳೇಕೆ ಹಜಾರದ ಆ ಕೊನೆಗೆ ಹೋಗಿ ಕೂರುತ್ತಾಳೆಂದು ನನ್ನ ಹೆಂಡತಿ ಎಷ್ಟೋ ಸಲ ಮನಸ್ಸಿನಲ್ಲಿ ನೊಂದುಕೊಂಡಿದ್ದಳು. ಅಲ್ಲಿಂದ ನಾವೆಲ್ಲರೂ ಒಟ್ಟಿಗೆ ಕಾಣುತ್ತಿದ್ದೆವೆಂದು ಈಗ ಗೊತ್ತಾಯಿತು.

ಮೊಮ್ಮಗಳು ಮುಷ್ಟಿಯನ್ನು ಕೊಳವೆಯಂತೆ ಸುತ್ತಿ ಒಂದು ಕಣ್ಣಿಗೆ ಹಿಡಿದು ನೋಡಿದಳು. ಯಾರೂ ನೋಡುತ್ತಿಲ್ಲವೆಂದು ಖಚಿತಮಾಡಿಕೊಂಡು ನಾನೂ ಹಾಗೆಯೇ ಹಿಡಿದೆ. ದುಂಡನೆಯ ಕತ್ತಲೆಯ ನಡುವೆ ಆ ಒಂದೇ ಮರ ಉರಿಯುತ್ತಿತ್ತು.

ಅಲ್ಲಿಯೇ ಏರಿಯ ಮೇಲೆ, ಒಂದು ಬೇವಿನ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಅಕ್ಕ ಮರಕ್ಕೆ ಎದುರಾಗಿ ಕುಳಿತಳು. ಕಳೆದ ವರ್ಷದ ಎಲೆಗಳು ನಾಲ್ಕಾರು ಬುಡದಲ್ಲಿ ಬಿದ್ದಿದ್ದುವು. ಅವನ್ನು ಮೊಮ್ಮಗಳು ಆರಿಸಿ ತಂದಿದ್ದಳು. ಒಣಗಿ ಚರ್ಮದಂತಾಗಿದ್ದ ಅವನ್ನು ಅಕ್ಕ ತೊಡೆಯ ಮೇಲಿಟ್ಟುಕೊಂಡು, ಬೇವಿನ ಕಡ್ಡಿಯನ್ನು ಸೀಳಿ, ಕಣ್ಣನ್ನು ಮರದಿಂದ ಕೀಳದೆಯೇ ಬೆರಳುಗಳಿಂದ ಹಚ್ಚತೊಡಗಿದಳು. ಒಂದರ ಅಂಚಿಗೆ ಒಂದು, ಒಳಗೆ ಹೊಕ್ಕು ಹೊರಗೆ ಬಂದ ಕಡ್ಡಿ, ಚಿಟುಕೆನ್ನುವಂತೆ ಮುರಿದ ತುದಿ. ಐದು ನಿಮಿಷದಲ್ಲಿ ಅಂಗೈಯಗಲದ ಒಂದು ಎಲೆಯಾಯಿತು. ಅದರಲ್ಲಿ ಮೊಮ್ಮಗಳು ಪುಳಿಯೋಗರೆ ಹಾಕಿಸಿಕೊಂಡಳು. ಕೆಳಗಿನಿಂದ ಸ್ವಲ್ಪ ಸೋರಿತು.

ಮಜ್ಜಿಗೆ ಕುಡಿಯುತ್ತಿದ್ದಾಗ ಫೋನಿನ ಗಂಟೆ ಬಾರಿಸಿತು. ಹುಡುಗಿ ತನ್ನ ಅಧಿಕಾರವನ್ನು ಮರೆಯದೆ ಪೆಟ್ಟಿಗೆಯನ್ನು ತೆರೆದು, ಔಷಧದ ಬಾಟಲಿಯನ್ನು ಹಿಡಿದು ಮುಂದೆ ಬಂದಳು.

"ಎರಡು ನಿಮಿಷ ತಡಿ ಮಗು. ತೊಟ್ಟು ಬಿದ್ದರೆ ಮಂಜಾಗುತ್ತದೆ" ಎಂದಳು ಅಕ್ಕ.

ಹುಡುಗಿ ನನ್ನ ಕಡೆಗೆ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಬಾಟಲಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಅಕ್ಕನ ಪಕ್ಕದಲ್ಲಿ ಕುಳಿತಳು.